ಫಿಸಿಯೋ ಬಿಟ್ಟು ವೀಲ್‌ಚೇರ್ ಮಾರಾಟಕ್ಕೆ

ನಮ್ಮ ಕಡೆ ಸೇಲ್ಸ್ ಅಂದ ಕೂಡಲೇ ನೆನಪಾಗುವುದು ಡಾಕ್ಟರ ಕ್ಲಿನಿಕ್ಕಿನ ಹೊರಗೆ ಟೈ ಕಟ್ಟಿಕೊಂಡು ಬ್ಯಾಗ್ ಹಿಡಿದು ಕಾಯುವ ಮೆಡಿಕಲ್ ರೆಪ್. ಹಾಗಾಗಿ ನಾನು ಫಿಸಿಯೋಥೆರಪಿ ಬಿಟ್ಟು ಸೇಲ್ಸ್‌ಗೆ ಸೇರಿದೆ ಅಂದಾಗ ದಾವಣಗೆರೆಯಲ್ಲಿ ಅಪ್ಪ, "ಬಿಪಿಟಿ ಓದಿಸಿದ್ದು ಇದಕ್ಕೇನವ್ವಾ?" ಅಂದರು. ಅಮ್ಮನ ಚಿಂತೆ ಬೇರೆ. "ಸಂಬಳ ತಿಂಗಳಾ ತಿಂಗಳಾ ಬರ್ತದೆ ತಾನೇ?"

ಬರುತ್ತದಮ್ಮ. ಮೂಲ ಸಂಬಳ ಇದೆ, ಅದರ ಮೇಲೆ ಕಮಿಷನ್.

ನಾನಿರುವುದು ಅಮೆರಿಕದ ಒಹಾಯೊ ರಾಜ್ಯದಲ್ಲಿ. ಇಲ್ಲಿ ಮೊದಲು ಕೆಲಸ ಮಾಡಿದ್ದು ವಯಸ್ಸಾದವರ ನರ್ಸಿಂಗ್ ಹೋಮ್‌ನಲ್ಲಿ. ಆಗ ಸರ್ಕಾರದ ಮೆಡಿಕೇರ್ ವಿಮೆ ಥೆರಪಿಯ ನಿಮಿಷ ಲೆಕ್ಕ ಹಾಕಿ ದುಡ್ಡು ಕೊಡುತ್ತಿತ್ತು. ನಿಮಿಷ ಜಾಸ್ತಿ ಆದಷ್ಟೂ ಆದಾಯ ಜಾಸ್ತಿ. ಅಕ್ಟೋಬರ್ 1, 2019ರಿಂದ ಆ ಪದ್ಧತಿ ಹೋಯಿತು, ರೋಗಿಯ ಸ್ಥಿತಿ ನೋಡಿ ಹಣ ಕೊಡುವುದು ಶುರುವಾಯಿತು. ಬದಲಾವಣೆ ಸರಿಯಾದದ್ದೇ ಅನ್ನಿ. ಆದರೆ ನಿನ್ನೆವರೆಗೆ ಬೇಕಾಗಿದ್ದ ಥೆರಪಿಸ್ಟುಗಳು ಇದ್ದಕ್ಕಿದ್ದಂತೆ ಹೆಚ್ಚಾಗಿಬಿಟ್ಟರು. ಎಷ್ಟೋ ಕಡೆ ಕೆಲಸ ಕಡಿತವಾಯಿತು. ಉಳಿದವರಿಗೆ 'ಪ್ರೊಡಕ್ಟಿವಿಟಿ' ಕಾಟ. ಕೆಲಸದ ಹೊತ್ತಿನ 90 ಪರ್ಸೆಂಟ್ ರೋಗಿಯ ಜೊತೆಗೇ ಇರಬೇಕು ಅಂದರೆ ನೋಟ್ಸ್ ಬರೆಯುವುದು ಯಾವಾಗ, ಬಾತ್‌ರೂಮಿಗೆ ಹೋಗುವುದು ಯಾವಾಗ?

ಅಲ್ಲಿಂದ ಔಟ್‌ಪೇಷೆಂಟ್ ಕ್ಲಿನಿಕ್ಕಿಗೆ ಹೋದರೆ ಅಲ್ಲಿ ಎಂಟು ನಿಮಿಷದ ನಿಯಮ. ಬಿಲ್ಲಿನ ಲೆಕ್ಕ 15 ನಿಮಿಷದ ಯೂನಿಟ್‌ಗಳಲ್ಲಿ. ಒಂದು ಯೂನಿಟ್ ಬಿಲ್ ಮಾಡಲು ಕನಿಷ್ಠ 8 ನಿಮಿಷ, ಎರಡಕ್ಕೆ 23. ಕೈ ರೋಗಿಯ ಮಂಡಿ ಮೇಲೆ, ಕಣ್ಣು ಗೋಡೆ ಗಡಿಯಾರದ ಮೇಲೆ.

ಈಗ ನಾನು ಮಾರುವುದು ಪವರ್ ವೀಲ್‌ಚೇರ್, ಅಂದರೆ ಬ್ಯಾಟರಿಯಿಂದ ಓಡುವ ಗಾಲಿಕುರ್ಚಿ. ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿರುವಂಥದ್ದಲ್ಲ, ಒಬ್ಬೊಬ್ಬರ ಅಳತೆಗೆ ಕಟ್ಟಿಸುವಂಥದ್ದು. ಇದಕ್ಕೆ ರೆಸ್ನಾ ಅನ್ನುವ ಸಂಸ್ಥೆ ಇಂಥ ಸಹಾಯಕ ಸಾಧನಗಳ ತಜ್ಞರಿಗೆ ನಡೆಸುವ ಎಟಿಪಿ ಪರೀಕ್ಷೆ ಪಾಸಾಗಬೇಕು. ನಿಯಮವೂ ಗಟ್ಟಿ. ಈ ಕುರ್ಚಿ ಯಾಕೆ ಬೇಕು ಅಂತ ಪರೀಕ್ಷೆ ಮಾಡಿ ವರದಿ ಬರೆಯುವ ಥೆರಪಿಸ್ಟಿಗೂ ಮಾರುವ ಕಂಪನಿಗೂ ಹಣದ ನಂಟು ಇರುವಂತಿಲ್ಲ. ಅಂದರೆ ವರ್ಷಗಟ್ಟಲೆ ನಾನೇ ಬರೆಯುತ್ತಿದ್ದ ವರದಿಯನ್ನು ಈಗ ನಾನು ಮುಟ್ಟುವ ಹಾಗಿಲ್ಲ. ನಾನು ಅಳತೆ ತೆಗೆಯುತ್ತೇನೆ, ಭಾಗಗಳನ್ನು ಆರಿಸುತ್ತೇನೆ, ಅಷ್ಟೇ.

ಆ 'ಅಷ್ಟೇ'ಯಲ್ಲೇ ತುಂಬಾ ಇದೆ. ಮೆಕ್ಕೆಜೋಳ ಬೆಳೆಯುವ ಒಬ್ಬ ರೈತನ ಮನೆಗೆ ಹೋಗಿದ್ದೆ. ಎಎಲ್‌ಎಸ್, ಸ್ಟೀಫನ್ ಹಾಕಿಂಗ್‌ಗೆ ಇದ್ದ ಕಾಯಿಲೆ. ನರಗಳು ಸೋತು ಸ್ನಾಯುಗಳು ಒಂದೊಂದಾಗಿ ಕೈಬಿಡುತ್ತವೆ. ಆತ ಬಲಗೈಯಲ್ಲಿ ಜಾಯ್‌ಸ್ಟಿಕ್ ಚೆನ್ನಾಗಿಯೇ ತಿರುಗಿಸಿದ. "ಇದು ಸಾಕು, ಸುಮ್ನೆ ಖರ್ಚು ಯಾಕೆ" ಅಂದ. ಕೈ ಹಿಡಿದು ನೋಡಿದರೆ ಹೆಬ್ಬೆರಳ ಬುಡದ ಮಾಂಸ ಆಗಲೇ ಇಳಿದುಹೋಗಿತ್ತು. ಮೆಡಿಕೇರ್ ಸಾಮಾನ್ಯವಾಗಿ ಐದು ವರ್ಷದೊಳಗೆ ಇನ್ನೊಂದು ಕುರ್ಚಿ ಕೊಡುವುದಿಲ್ಲ. ಹಾಗಾಗಿ ಮುಂದೆ ಗಲ್ಲದಿಂದಲೋ ತಲೆಯಿಂದಲೋ ನಡೆಸಲು ಬದಲಾಯಿಸಿಕೊಳ್ಳಬಹುದಾದ ಎಲೆಕ್ಟ್ರಾನಿಕ್ಸ್ ಈಗಲೇ ಹಾಕಿಸಬೇಕಿತ್ತು. ಅದನ್ನು ಆತನ ಮುಖ ನೋಡಿಕೊಂಡು ಹೇಳುವುದು ಯಾವ ಸೇಲ್ಸ್ ಟ್ರೇನಿಂಗ್‌ನಲ್ಲೂ ಕಲಿಸುವುದಿಲ್ಲ. ಹೆಂಡತಿ ಅಷ್ಟರಲ್ಲಿ ಟೇಪ್ ಹಿಡಿದು ಅಡುಗೆಮನೆ ಬಾಗಿಲು ಅಳೆಯುತ್ತಿದ್ದರು. ಕುರ್ಚಿ ಎಷ್ಟೇ ಒಳ್ಳೆಯದಾದರೂ ಬಾಗಿಲಲ್ಲಿ ತೂರದಿದ್ದರೆ ಏನು ಪ್ರಯೋಜನ?

ಸೀಟಿನ ಉದ್ದ ಎರಡು ಇಂಚು ಜಾಸ್ತಿಯಾದರೂ ಮನುಷ್ಯ ಮುಂದಕ್ಕೆ ಜಾರಿ ಬಾಲಮೂಳೆ ಮೇಲೆ ಕೂರುತ್ತಾನೆ. ಅಲ್ಲಿ ಹುಣ್ಣಾಗುತ್ತದೆ. ಫಿಸಿಯೋ ಆಗಿದ್ದಾಗ ಅಂಥ ಹುಣ್ಣುಗಳನ್ನು ಎಷ್ಟೋ ನೋಡಿದ್ದೇನೆ. ಈಗ ಅದಕ್ಕೂ ಮೊದಲಿನ ಹೆಜ್ಜೆಯಲ್ಲಿ ನಿಂತಿದ್ದೇನೆ, ಅದೇ ನನಗೆ ಇಷ್ಟ. ಒಬ್ಬರ ಮನೆಯಲ್ಲಿ ಎರಡು ಗಂಟೆ ಕೂತರೂ ಯಾರೂ ಯೂನಿಟ್ ಎಣಿಸುವುದಿಲ್ಲ.

ತಲೆಬಿಸಿ ಇಲ್ಲವೆಂದಲ್ಲ. ತಿಂಗಳಿಗೊಂದು ಟಾರ್ಗೆಟ್ ಇದೆ. ವಿಮೆಯ ಕಾಗದಪತ್ರ ತಿಂಗಳುಗಟ್ಟಲೆ ಎಳೆಯುತ್ತದೆ. ಕೆಲವರಿಗೆ ಕುರ್ಚಿ ಮಂಜೂರಾಗುವ ಹೊತ್ತಿಗೆ ಅವರೇ ಇರುವುದಿಲ್ಲ. ಮೆಡಿಕೇರ್ ಲೆಕ್ಕದಲ್ಲಿ ಕುರ್ಚಿ ಮನೆಯೊಳಗಿನ ಓಡಾಟಕ್ಕೆ. ಚರ್ಚಿಗೆ, ಮೊಮ್ಮಗನ ಆಟ ನೋಡಲಿಕ್ಕೆ ಅನ್ನುವುದು ಕಾರಣವೇ ಅಲ್ಲ. ಯಾವ ನ್ಯಾಯ ಅಂತ ನನಗಂತೂ ಅರ್ಥವಾಗಿಲ್ಲ. ಸೀಟನ್ನು ಮೇಲೆತ್ತುವ ವ್ಯವಸ್ಥೆಗೂ ಮೊದಲು ದುಡ್ಡು ಕೊಡುತ್ತಿರಲಿಲ್ಲ. 2023ರ ಮೇ ತಿಂಗಳಲ್ಲಿ ಒಪ್ಪಿದರು, ಅದೂ ಕೆಲವು ಬಗೆಯ ಕುರ್ಚಿಗಳಿಗೆ. ಸೀಟು ಮೇಲೆ ಬಂದರೆ ಹಾಸಿಗೆಗೆ ದಾಟುವುದು ಸುಲಭ. ಎದುರು ನಿಂತವರ ಮುಖ ನೋಡಿ ಮಾತಾಡಬಹುದು.

ಊರಿನ ಜೂನಿಯರ್‌ಗಳು "ಅಕ್ಕಾ, ನಾವೂ ಸೀದಾ ಸೇಲ್ಸ್‌ಗೇ ಬರಬಹುದಾ?" ಅಂತ ಕೇಳುತ್ತಾರೆ. ಅಷ್ಟು ಸುಲಭವಿಲ್ಲ ಕಣ್ರಪ್ಪಾ. ನರ್ಸ್ ಮತ್ತು ಫಿಸಿಯೋಗಳ ಕೊರತೆ ಇದೆ ಅಂತ ಅಮೆರಿಕ ಮೊದಲೇ ಒಪ್ಪಿಕೊಂಡಿರುವುದರಿಂದ ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಒಂದು ದೊಡ್ಡ ಹಂತ ತಪ್ಪುತ್ತದೆ. ಆದರೆ ಆ ಸೌಲಭ್ಯ ಫಿಸಿಯೋ ಕೆಲಸಕ್ಕೆ ಮಾತ್ರ. ಭಾರತೀಯರ ಉದ್ದದ ಕ್ಯೂ ಹೇಗೂ ಇದ್ದೇ ಇದೆ. ಎಚ್-1ಬಿ ಮೇಲೆ ಇರುವಾಗ ಸೇಲ್ಸ್‌ಗೆ ಹಾರುವುದು ಕಷ್ಟ. ಆ ವೀಸಾಕ್ಕೆ ಇಂಥದೇ ಡಿಗ್ರಿ ಬೇಕು ಅನ್ನುವ ಕೆಲಸ ಇರಬೇಕು, ಸೇಲ್ಸ್ ಹುದ್ದೆಯನ್ನು ಹಾಗೆ ಸಾಬೀತು ಮಾಡುವುದು ಸುಲಭವಲ್ಲ. ನನಗೆ ಗಂಡನ ಕಡೆಯಿಂದ ಗ್ರೀನ್ ಕಾರ್ಡ್ ಬಂದ ಮೇಲೆಯೇ ಈ ದಾರಿ ತೆರೆದದ್ದು.

ಸೇಲ್ಸ್‌ಗೆ ಬಂದ ಮೇಲೂ ಫಿಸಿಯೋ ಲೈಸೆನ್ಸ್ ಮಾತ್ರ ಬಿಡಬೇಡಿ. ನಾನು ಈಗಲೂ ರಿನ್ಯೂ ಮಾಡಿಸುತ್ತೇನೆ, ಆಗಾಗ ಶನಿವಾರ ಒಂದು ಆಸ್ಪತ್ರೆಯಲ್ಲಿ ಮಂಡಿ ಆಪರೇಷನ್ ಆದವರನ್ನು ನಡೆಸುತ್ತೇನೆ. ಅಲ್ಲಿ ಪವರ್ ವೀಲ್‌ಚೇರ್ ಬೇಕಾದವರು ಬಂದರೆ ಅವರ ಫೈಲನ್ನು ಪಕ್ಕದ ಥೆರಪಿಸ್ಟಿಗೆ ಕೊಟ್ಟುಬಿಡುತ್ತೇನೆ.