ತೊಟ್ಟಿಲ ಕೋಣೆ ಖಾಲಿ ಮಾಡಿದ್ದು

ನನ್ನ ಚಿಕ್ಕಪ್ಪನ ಮಗಳಿಗೆ ಹೋದ ತಿಂಗಳು ಗಂಡುಮಗು ಹುಟ್ಟಿತು. ಸುದ್ದಿ ಬಂದು ಅರ್ಧ ಗಂಟೆ ಆಗಿರಲಿಲ್ಲ, ಅವ್ವನ ಫೋನು. "ಹದಿಮೂರನೇ ದಿನಕ್ಕ ಹೆಸರಿಡ್ತಾರ. ಆ ತೊಟ್ಟಲಾ ಯಾವಾಗ ಕಳಸ್ತೀ?"

ಕೋಣೆ ಬದಲಾಯಿಸಬೇಕು ಅಂತ ನಾನು ಎರಡು ವರ್ಷದಿಂದ ಹೇಳುತ್ತಲೇ ಇದ್ದೆ. ಹೇಳುವುದು ಬೇರೆ, ಮಾಡುವುದು ಬೇರೆ, ಅಲ್ವಾ. ಅವ್ವನ ಆ ಒಂದು ಫೋನಿಗೆ ಹತ್ತೇ ದಿನದಲ್ಲಿ ಎಲ್ಲ ಮುಗಿಯಿತು.

ತೊಟ್ಟಿಲು ನನ್ನ ತವರಿನದು. ಅಜ್ಜನ ಕಾಲದಲ್ಲಿ ಕಲಘಟಗಿಯಲ್ಲಿ ಮಾಡಿಸಿದ್ದು. ಸಾಗುವಾನಿ ಮರ, ಮೈತುಂಬ ಅರಗಿನ ಬಣ್ಣ, ಅದರಲ್ಲೂ ಕೆಂಪು ಜಾಸ್ತಿ. ನಾಲ್ಕೂ ಬದಿಗೆ ಕೃಷ್ಣನ ಆಟಗಳ ಚಿತ್ರ. ತಲೆಯ ಕಡೆಯ ಪಟ್ಟಿಯಲ್ಲಿರುವ ಬೆಣ್ಣೆ ಕೃಷ್ಣನಿಗೆ ಈಗ ಮುಖವೇ ಇಲ್ಲ. ಹಲ್ಲು ಬರುವಾಗ ಎಲ್ಲ ಮಕ್ಕಳೂ ಎದ್ದು ನಿಂತು ಅಲ್ಲೇ ಕಚ್ಚಿದ್ದಾರೆ. ಅಪ್ಪ, ಇಬ್ಬರು ಚಿಕ್ಕಪ್ಪಂದಿರು, ನಾನು, ತಮ್ಮ, ಕೊನೆಗೆ ನನ್ನ ಮಗಳು. ನಮ್ಮ ಕಡೆ ಕಲಘಟಗಿ ತೊಟ್ಟಿಲು ಇಂಥವರದೇ ಅಂತ ಗಟ್ಟಿಯಾಗಿ ಹೇಳುವ ಹಾಗಿಲ್ಲ. ಯಾವ ಮನೆಯಲ್ಲಿ ಬಾಣಂತನವೋ ಆ ಮನೆಗೆ ನಡೆಯಿತು. ಹಾಗೆ ನೋಡಿದರೆ ನಾನೇ ಅದನ್ನು ಇಟ್ಟುಕೊಂಡದ್ದು ಜಾಸ್ತಿಯಾಯಿತು.

ಮಗಳು ಹುಟ್ಟಿದ್ದು 2021ರ ಮೇ ತಿಂಗಳಲ್ಲಿ. ಲಾಕ್‌ಡೌನು. ತವರಿಗೆ ಹೋಗುವ ಮಾತೇ ಇರಲಿಲ್ಲ. ಅವ್ವ ಮೊದಲೇ ಧಾರವಾಡಕ್ಕೆ ಬಂದು ಕೂತಿದ್ದಳು, ಹಾಗಾಗಿ ಬಾಣಂತನ ಅತ್ತೆಮನೆಯಲ್ಲೇ ಆಯಿತು. ಹಿಂದಿನ ಸಣ್ಣ ಕೋಣೆ, ಹತ್ತಡಿ ಹನ್ನೊಂದಡಿ. 1996ರಲ್ಲಿ ಮನೆ ಕಟ್ಟಿಸುವಾಗ ಮಾವ ಅಲ್ಲಿಯ ಸ್ಲ್ಯಾಬಿಗೆ ಎರಡು ಕಬ್ಬಿಣದ ಕೊಂಡಿ ಹಾಕಿಸಿದ್ದರು. ಕಾಂಕ್ರೀಟು ಹಾಕುವ ಮೊದಲೇ ಒಳಗಿನ ಸರಳಿಗೆ ಬಿಗಿಸಿದ್ದು. ಆಗ ಅವರ ಮಗನಿಗೆ ಏಳು ವರ್ಷ. ಯಾವ ಮೊಮ್ಮಗುವಿಗಾಗಿ ಹಾಕಿಸಿದರೋ, ಅವರ ಲೆಕ್ಕಾಚಾರ ಅವರಿಗೇ ಗೊತ್ತು. ಮೊದಲ ಎರಡು ತಿಂಗಳು ಆ ಕೊಂಡಿಗೆ ಅವ್ವನ ಹಳೇ ಇಳಕಲ್ ಸೀರೆಯ ಜೋಳಿಗೆ. ಜುಲೈನಲ್ಲಿ ದಾರಿ ತೆರೆದ ಮೇಲೆ ತೊಟ್ಟಿಲು ಬಂತು.

ಮಗಳು ಅದರಲ್ಲಿ ಮಲಗಿದ್ದು ಬರೀ ಒಂಬತ್ತು ತಿಂಗಳು. ಆಮೇಲೆ ಅದು ಒಗೆದ ಬಟ್ಟೆ ಹಾಕುವ ಜಾಗ. ಮಡಚಬೇಕು ಅಂದುಕೊಂಡ ಬಟ್ಟೆಯೆಲ್ಲ ಅಲ್ಲಿ. ಮೂರು ಕೌದಿ, ಕೂಸಿನ ತಲೆ-ಬೆನ್ನು ಮುಚ್ಚುವ ಒಂದು ಕುಂಚಿಗೆ, ಮುರಿದ ಗಿಲಕಿ ಎಲ್ಲವೂ ಅಲ್ಲೇ. ಮಗಳು ನಮ್ಮ ಜೊತೆ ಮಲಗುತ್ತಿದ್ದಳು. ಆ ಕೋಣೆಗೆ ಮಾತ್ರ ಎಲ್ಲರೂ "ಕೂಸಿನ ಕೋಣಿ" ಅಂತಲೇ ಹೇಳುತ್ತಿದ್ದೆವು.

ಎಲ್ಲ ಹೊರಗೆ ಹಾಕಿದ ದಿನ ಗೋಡೆ ಸರಿಯಾಗಿ ಕಂಡಿತು. ಒಂದು ಮೂಲೆ ಪೂರ್ತಿ ಕಂದು. ಮೂರು ತಿಂಗಳು ದಿನಾ ಎರಡು ಹೊತ್ತು ಲೋಬಾನದ ಹೊಗೆ ಅಂದರೆ ಸುಮ್ನೆ ಅಲ್ಲ. ಅದರ ಕೆಳಗೆ ಎಣ್ಣೆ ಕಲೆ. ಅವ್ವ ಕೂಸಿಗೆ ಎಣ್ಣೆ ಹಚ್ಚುವಾಗ ಬೆನ್ನು ಆನಿಸಿ ಕೂರುತ್ತಿದ್ದ ಜಾಗ ಅದು. ಗೋಡೆಯ ಮೇಲೆ ಅವಳ ಬೆನ್ನಿನ ಆಕಾರವೇ ಮೂಡಿತ್ತು, ಬಲಗಡೆ ಸ್ವಲ್ಪ ವಾಲಿ. ಅವಳಿಗೆ ಸೊಂಟ ನೋವು.

ಪೇಂಟರ್ ಬಂದ, ನೋಡಿದ, "ಎರಡು ಕೋಟ್ ಹೊಡದ್ರ ಎಲ್ಲಾ ಮುಚ್ಚತೈತ್ರಿ" ಅಂದ. ನಾನೂ ನಂಬಿದೆ. ತಿಳಿಹಳದಿ ಎಮಲ್ಶನ್ ಹೊಡೆದ. ಮೊದಲ ದಿನ ಚಂದ ಕಂಡಿತು. ಮೂರನೇ ದಿನ ಬೆಳಿಗ್ಗೆ ನೋಡಿದರೆ ಹೊಸ ಬಣ್ಣದೊಳಗಿಂದ ಅವ್ವನ ಬೆನ್ನು ಮೆಲ್ಲಗೆ ಎದ್ದು ಬಂದಿದೆ. ಹೊಗೆ, ಎಣ್ಣೆ ಕುಡಿದ ಗೋಡೆಗೆ ನೀರಿನ ಬಣ್ಣ ಎಷ್ಟು ಬಳಿದರೂ ಹೀಗೇ. ಕಲೆ ಒಳಗಿಂದ ಹಾದು ಬರುತ್ತದೆ. ಮೊದಲು ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ತಿಕ್ಕಿ ತೊಳೆಯಬೇಕು, ಒಣಗಿಸಬೇಕು, ಪಾಲಿಶ್ ಪೇಪರಿನಿಂದ ಉಜ್ಜಬೇಕು, ಮೇಲೆ ಆಯಿಲ್ ಪ್ರೈಮರ್ ಹೊಡೆಯಬೇಕು. ಬಣ್ಣ ಏನಿದ್ದರೂ ಆಮೇಲೆ. ಎರಡು ದಿನದ ಕೂಲಿ ನೀರಿಗೆ ಹೋಯಿತು. ಮತ್ತೆ ಮಾಡಿಸಿದೆವು. ಈ ಸಲ ಕಲೆ ಹೋಯಿತು. ಹೋದ ಮೇಲೆ ನನಗೆ ಯಾಕೋ ಆ ಮೂಲೆ ಸೇರಲಿಲ್ಲ, ಅದು ಬೇರೆ ಮಾತು.

ಬಣ್ಣದ ಡಬ್ಬಿ ತರುವಾಗ ಒಂದು ವಿಷಯ ನೋಡಿ ತಂದಿದ್ದೆ. 2017ರ ನವೆಂಬರಿನಿಂದ ನಮ್ಮ ದೇಶದಲ್ಲಿ ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ ತೊಂಬತ್ತು ಪಾಲು, ದಾಟುವಂತಿಲ್ಲ. ಡಬ್ಬಿಯ ಮೇಲೆ ಅದನ್ನು ಬರೆದಿರಬೇಕು. ಗೋಡೆ ಕೆರೆದು ಬೆರಳು ಬಾಯಿಗೆ ಹಾಕುವ ಕೂಸು ಇರುವ ಮನೆಯಲ್ಲಿ ಇದು ಮುಖ್ಯ. ಹಳೇ ಬಣ್ಣವನ್ನು ಉಜ್ಜುವಾಗ ಬರುವ ಧೂಳೂ ಅಷ್ಟೇ. 1996ರ ಗೋಡೆಯ ಕೆಳಪದರದಲ್ಲಿ ಏನಿದೆಯೋ ಅಂತ ಮಗಳನ್ನು ಎರಡು ದಿನ ಮೇಲಿನ ಮನೆಗೆ ಕಳಿಸಿದ್ದೆ, ನೆಲವನ್ನು ಒದ್ದೆ ಬಟ್ಟೆಯಲ್ಲೇ ಒರೆಸಿದೆ.

ಬಡಿಗೇರ ಅಣ್ಣ ಬಂದಾಗ ಶುರುವಾಯಿತು ನಿಜವಾದ ಜಗಳ. ಅವನಿಗೆ ಎಲ್ಲ ಎತ್ತರ ಬೇಕು. ಮಂಚದ ಕೆಳಗೆ ಪೆಟ್ಟಿಗೆ, ಅದಕ್ಕೆ ಮೇಲೆತ್ತುವ ಮುಚ್ಚಳ, ಗೋಡೆಗೆ ಏಳಡಿಯ ಕಪಾಟು. "ಜಾಗಾ ವೇಸ್ಟ್ ಆಗಬಾರದ್ರಿ ಅಕ್ಕಾರ." ನಾನೂ ಮೊದಲು ಹಾಗೇ ಲೆಕ್ಕ ಹಾಕಿದ್ದೆ. ಆದರೆ ಮಗಳು ಅಲ್ಲೇ ನಿಂತಿದ್ದಳು. "ನಂದು ಎಲ್ಲೈತಿ?" ಅಂದಳು.

ಆಗ ನನಗೆ ಹೊಳೆಯಿತು. ನಾಲ್ಕು ವರ್ಷ ನಾನು ಮಾಡಿದ್ದು ಒಂದೇ ಕೆಲಸ, ಎಲ್ಲವನ್ನೂ ಮೇಲೆ ಇಡುವುದು. ಕತ್ತರಿ ಮೇಲೆ, ಔಷಧ ಮೇಲೆ, ಪೌಡರು ಮೇಲೆ, ಬಣ್ಣದ ಪೆನ್ಸಿಲ್ಲೂ ಮೇಲೆ. ಅವಳು ತೆವಳಿದಾಗ ಒಂದು ಗೂಡು ಮೇಲಕ್ಕೆ, ನಿಂತಾಗ ಇನ್ನೊಂದು, ಕುರ್ಚಿ ಎಳೆಯಲು ಕಲಿತಾಗ ಅಟ್ಟಕ್ಕೆ. ಆ ಕೋಣೆಯಲ್ಲಿ ಅವಳ ಕೈಗೆ ಸಿಗುವ ಸಾಮಾನು ಒಂದೂ ಇರಲಿಲ್ಲ.

ಅವಳನ್ನು ಗೋಡೆಗೆ ನಿಲ್ಲಿಸಿ ಕೈ ಎತ್ತು ಅಂದೆ. ಬೆರಳ ತುದಿಗೆ ಪೆನ್ಸಿಲ್ ಗೆರೆ, ಭುಜಕ್ಕೆ ಒಂದು ಗೆರೆ. ಟೇಪು ಹಿಡಿದರೆ ಮೇಲಿನ ಗೆರೆ ನಾಲ್ಕಡಿ, ಕೆಳಗಿನದು ಎರಡಡಿ ಎಂಟಿಂಚು. "ಅಣ್ಣಾ, ಈ ಎರಡರ ನಡುವ ಎಲ್ಲಾ ಬರಬೇಕು" ಅಂದೆ. ಬಡಿಗೇರ ಅಣ್ಣ ತಲೆ ಕೆರೆದುಕೊಂಡ. ಆದರೆ ಮಾಡಿಕೊಟ್ಟ. ಐದು ಗೂಟ, ಮೂರಡಿಗೆ. ಎರಡು ಸಾಲಿನ ತೆರೆದ ಗೂಡು. ಮಂಚ ಆರಡಿ ಮೂರಡಿ, ನೆಲದಿಂದ ಬರೀ ಹನ್ನೆರಡಿಂಚು, ಕೆಳಗೆ ಖಾಲಿ. ಉದ್ದ ಮಾತ್ರ ದೊಡ್ಡವರ ಅಳತೆಯದು. ಕಾಲೇಜಿಗೆ ಹೋಗುವಾಗಲೂ ಅದರ ಮೇಲೇ ಮಲಗಲಿ, ಬೇಕಾದರೆ ಕಾಲು ಬದಲಾಯಿಸಿದರಾಯಿತು. ಮುಚ್ಚಳದ ಪೆಟ್ಟಿಗೆ ಬೇಡ ಅಂದೆ, ಬೆರಳು ಸಿಕ್ಕರೆ? ನನ್ನ ಮದುವೆಯ ಕಬ್ಬಿಣದ ಕಪಾಟು ಆ ಕೋಣೆಯಲ್ಲೇ ಉಳಿಯಬೇಕಾಗಿತ್ತು. ಅದನ್ನು ಮೇಲುಗಡೆ ಎರಡು ಎಲ್ ಪಟ್ಟಿ ಹಾಕಿ ಗೋಡೆಗೆ ಬಿಗಿಸಿದ. ತೆರೆದ ಬಾಗಿಲಿಗೆ ಮಕ್ಕಳು ಜೋತು ಬಿದ್ದರೆ ಅಂಥ ಕಪಾಟು ಮುಂದಕ್ಕೆ ಮಗುಚುತ್ತದೆ. ಇದಕ್ಕೆ ಖರ್ಚು ಎಷ್ಟೂ ಇಲ್ಲ, ಆದರೂ ನಮ್ಮ ಮನೆಗಳಲ್ಲಿ ಯಾರೂ ಮಾಡಿಸುವುದಿಲ್ಲ.

ಕೊನೆಗೆ ಮೇಲೆ ನೋಡಿ ಕೇಳಿದ. "ಈ ಕೊಂಡಿ ಕಟ್ ಮಾಡಿ ಒಗೀಲೇನ್ರಿ?"

ಉತ್ತರ ಬಂದದ್ದು ನಡುಮನೆಯಿಂದ. ಮಾವ ಪೇಪರಿನಿಂದ ತಲೆ ಎತ್ತದೆ, "ಅದನ್ನ ಮುಟ್ಟಬ್ಯಾಡ" ಅಂದರು. ಸಂಜೆ ಅವರೇ ಏಣಿ ಹತ್ತಿ ಜಂಗು ಕೆರೆದರು. ಎಪ್ಪತ್ತೆರಡು ವರ್ಷ ಅವರಿಗೆ, ಅತ್ತೆ ಕೆಳಗೆ ನಿಂತು ಬೈಯುತ್ತಲೇ ಏಣಿ ಹಿಡಿದಿದ್ದರು. ಬೇರೆ ಏನಾದರೂ ತೂಗು ಹಾಕುವ ಮೊದಲು ಎರಡೂ ಕೊಂಡಿಗೆ ಹಗ್ಗ ಕಟ್ಟಿ ನನ್ನ ಗಂಡ ಜೋತು ಬಿದ್ದು ನೋಡಿದರು. ಎಂಬತ್ತು ಕಿಲೋ. ಕೊಂಡಿ ಮಿಸುಕಲಿಲ್ಲ. ಈಗ ಅಲ್ಲಿ ತೊಟ್ಟಿಲಿನ ಜಾಗದಲ್ಲಿ ಒಂದು ಹಲಗೆ ಉಯ್ಯಾಲೆ ಇದೆ, ನೆಲದಿಂದ ಹನ್ನೆರಡಿಂಚು. ಕೆಳಗೆ ದಪ್ಪ ಕೌದಿ.

ತೊಟ್ಟಿಲು ಕಳಿಸುವ ದಿನ ಗೂಡ್ಸ್ ಆಟೋ ಬಂದು ನಿಂತಿತ್ತು. ಅವ್ವ ಹಿಂದಿನ ರಾತ್ರಿಯೇ ಹೇಳಿದ್ದಳು, "ಖಾಲಿ ಕಳಸಬ್ಯಾಡ." ಖಣದ ಕುಬಸ, ಅಕ್ಕಿ, ಟೆಂಗಿನಕಾಯಿ ಇಟ್ಟೆ. ಮಗಳು ನೋಡಿದಳು. ಓಡಿ ಒಳಗೆ ಹೋಗಿ ತನ್ನ ಬಟ್ಟೆ ಗೊಂಬೆ ತಂದು ಕಾಯಿಯ ಪಕ್ಕ ಮಲಗಿಸಿದಳು, ಕುಂಚಿಗೆ ಹೊದಿಸಿ. ನಾನು ಬೇಡ ಅನ್ನಲಿಲ್ಲ.

ಆ ರಾತ್ರಿ ಹೊಸ ಮಂಚದ ಮೇಲೆ ಮಲಗಿದಳು. ಅತ್ತೆ ಪಕ್ಕದಲ್ಲಿ ನೆಲದ ಮೇಲೆ ಚಾಪೆ ಹಾಸಿಕೊಂಡರು. ಎರಡು ಗಂಟೆಗೆ ಬಾಗಿಲು ಸದ್ದಾಯಿತು. ದಿಂಬು ಹಿಡಿದು ನಿಂತಿದ್ದಾಳೆ.

"ಗೊಂಬಿ ಬೇಕು."

"ಅದು ಕೂಸಿನ ಮನಿಗೆ ಹೋಗೇತಲ್ಲ."

"ಮತ್ತ ಆ ಕೂಸಿಗೆ ಅವರವ್ವ ಗೊಂಬಿ ಕೊಡಿಸಿಲ್ಲೇನು?"

ಹೆಸರಿಡುವ ದಿನ ನಾವೂ ಹೋದೆವು. ಪದ್ಧತಿಯ ಹಾಗೆ ತೊಟ್ಟಿಲಿಗೆ ಮೊದಲು ಗುಂಡಕಲ್ಲು, ಆಮೇಲೆ ಕೂಸು. ಇವಳು ಜನರ ಕಾಲಿನ ನಡುವೆ ನುಗ್ಗಿ ಹೋಗಿ ಒಳಗೆ ಇಣುಕಿದಳು. ಗೊಂಬೆ ಕಪಾಟಿನ ಮೇಲಿತ್ತು, ಅವರ ಮನೆಯ ಆರಡಿಯ ಕಪಾಟಿನ ಮೇಲೆ. ನನ್ನ ಸೀರೆ ಜಗ್ಗಿ ಬೆರಳು ಮಾಡಿ ತೋರಿಸಿದಳು.

ನನ್ನ ತಂಗಿ ಅದನ್ನು ಇಳಿಸಿಕೊಟ್ಟಳು. ಈಗ ಅದು ಮೂರನೇ ಗೂಟದಲ್ಲಿ ನೇತಾಡುತ್ತಿದೆ, ಕುಂಚಿಗೆ ಸಮೇತ. ಕುಂಚಿಗೆ ಕೂಸಿಗೆ ಬಿಟ್ಟು ಬರೋಣ ಅಂತ ಕೇಳಿದ್ದೆ. ಒಪ್ಪಲಿಲ್ಲ.