ಅಪ್ಪನಿಗಿಂತ ಕಿರಿಯ ಹಳೇ ಪೇಟೆ

ಪೋಲೆಂಡಿಗೆ ಹೋಗಿ ಬಂದವರೆಲ್ಲ ಕ್ರಾಕೋವ್ ನಗರವನ್ನೇ ಹೊಗಳುತ್ತಾರೆ. ನಾವೂ ನೋಡಿದೆವು; ಚೆನ್ನಾಗಿದೆ, ಅಷ್ಟೆ. ನನ್ನ ಕಾಲು ಕಟ್ಟಿಹಾಕಿದ್ದು ವಾರ್ಸಾದ ಹಳೇ ಪೇಟೆ.

ಪೇಟೆಯ ಚೌಕದ ಸುತ್ತ ಹಳದಿ, ಕಾವಿ, ಹಸಿರು ಬಣ್ಣದ ಕಿರಿದಾದ ಎತ್ತರದ ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ನಡುವೆ ಕತ್ತಿ ಎತ್ತಿದ ಮತ್ಸ್ಯಕನ್ಯೆಯ ಪ್ರತಿಮೆ. ನಾಲ್ಕು ನೂರು ವರ್ಷಗಳ ಹಳೆಯದೆಂದರೆ ಯಾರಾದರೂ ನಂಬಿಯಾರು. ಆದರೆ ಈ ಚೌಕ ಮತ್ತೆ ಎದ್ದು ನಿಂತದ್ದು 1953ರಲ್ಲಿ. ನನ್ನ ಅಪ್ಪನೇ ಇದಕ್ಕಿಂತ ಹಿರಿಯರು! 1944ರಲ್ಲಿ ನಾಜಿಗಳ ವಿರುದ್ಧ ಊರಿನವರು ದಂಗೆ ಎದ್ದ ಕಾಲದಲ್ಲಿ ನಾಜಿ ಸೇನೆ ಹಳೇ ಪೇಟೆಯ ಶೇ 85ಕ್ಕೂ ಹೆಚ್ಚು ಭಾಗವನ್ನು ನಾಶ ಮಾಡಿತ್ತು. ಅರಮನೆಯನ್ನಂತೂ ಸಿಡಿಮದ್ದು ಇಟ್ಟು ಉರುಳಿಸಿದರು. ಅದರ ಮರುನಿರ್ಮಾಣ ಶುರುವಾದದ್ದೇ 1971ರಲ್ಲಿ, ಅದೂ ಜನರ ದೇಣಿಗೆಯಿಂದ.

ಆ ಅರಮನೆಯ ಒಂದು ಕೋಣೆಯ ತುಂಬ ಬೆರ್ನಾರ್ಡೊ ಬೆಲ್ಲೊಟ್ಟೊ ಎಂಬ ಇಟಲಿಯ ಕಲಾವಿದ ಹದಿನೆಂಟನೇ ಶತಮಾನದಲ್ಲಿ ಬರೆದ ವಾರ್ಸಾ ಬೀದಿಗಳ ಚಿತ್ರಗಳಿವೆ. ಯುದ್ಧಕ್ಕೆ ಮೊದಲು ತೆಗೆದಿಟ್ಟಿದ್ದ ಅಳತೆಯ ನಕ್ಷೆಗಳ ಜೊತೆಗೆ ಈ ಚಿತ್ರಗಳನ್ನೂ ಮುಂದಿಟ್ಟುಕೊಂಡು ನಗರವನ್ನು ಕಟ್ಟಿದರಂತೆ. ಕೋಣೆಯ ಕಾವಲಿಗೆ ಕುಳಿತಿದ್ದ ಹಿರಿಯ ಹೆಂಗಸಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. "ಹಾಗಾದರೆ ಹೊರಗಿರುವುದೆಲ್ಲ ನಕಲು ತಾನೆ?" ಎಂದೆ. ಆಕೆ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ನನ್ನ ತಾಯಿ ಹೀಗೆ ಮತ್ತೆ ಕಟ್ಟಿದ ಮನೆಯೊಂದರ ಮೂರನೇ ಮಹಡಿಯಲ್ಲಿ ಸಂಸಾರ ಮಾಡಿದಳು. ನಾನು ಹುಟ್ಟಿದ್ದೂ ಆ ಮನೆಯಲ್ಲಿದ್ದಾಗಲೇ. ನಾನೂ ನಕಲೇ?"

ನಾನು ತಡವರಿಸಿದೆ. ಅವರು ಬಿಡಲಿಲ್ಲ. ಹಿಂದೆ ಮನೆಗಳ ಹಿಂಬದಿಗೆ ಒತ್ತೊತ್ತಾಗಿ ಕಟ್ಟಿದ್ದ ಕತ್ತಲೆ ಕೋಣೆಗಳನ್ನು ಮತ್ತೆ ಕಟ್ಟದೆ ಬಿಟ್ಟರಂತೆ; ಅಂಗಳಕ್ಕೆ ಬಿಸಿಲು ಬಂತಂತೆ. "ಮುಂಭಾಗ ಮಾತ್ರ ಹಳೆಯದರ ಹಾಗೆ. ಲಿಫ್ಟ್ ಇಲ್ಲ ನೋಡಿ, ಮೆಟ್ಟಿಲು ಹತ್ತುವಾಗಲೂ ಹಳೇ ಕಾಲವೇ" ಎಂದು ನಕ್ಕರು.

ಹೊರಬಂದ ಮೇಲೆ ಹೆಂಡತಿ ಕೆಣಕಿದಳು: "ಹಂಪಿಯ ಬಜಾರನ್ನು ಹೀಗೇ ಹೊಸದಾಗಿ ಕಟ್ಟಿದರೆ ಒಪ್ಪುತ್ತೀರಾ?" ಖಂಡಿತ ಇಲ್ಲ ಎಂದೆ. 1565ರಲ್ಲಿ ಹಾಳಾದ ಹಂಪಿಯ ಬಜಾರಿಗೆ ನನ್ನ ಮನೆ ಎಲ್ಲಿ ಎಂದು ಹುಡುಕಿಕೊಂಡು ಬರುವವರು ಇಂದು ಯಾರಿದ್ದಾರೆ? ವಾರ್ಸಾಕ್ಕೆ ಯುದ್ಧ ಮುಗಿಯುವ ಮೊದಲೇ ಜನ ಮರಳಿದ್ದರು. 1980ರಲ್ಲಿ ಯುನೆಸ್ಕೊ ಇದನ್ನು ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿಸಿದ್ದೂ ಈ ಮರುನಿರ್ಮಾಣಕ್ಕಾಗಿಯೇ. ಅವಳು ಪೂರ್ತಿ ಒಪ್ಪಲಿಲ್ಲ. ಪೋಲೆಂಡಿನ ರಾಜ ಸಿಗಿಸ್ಮಂಡನ ಹಳೆಯ ಸ್ತಂಭದ ಮುರಿದ ತುಂಡುಗಳು ಅರಮನೆಯ ಪಕ್ಕದ ಹುಲ್ಲಿನ ಮೇಲೆ ಬಿದ್ದಿವೆ; ಅವಳಿಗೆ ಹಿಡಿಸಿದ್ದು ಅವೇ.

ಊಟದ ವಿಷಯಕ್ಕೆ ಬಂದರೆ ಈಗಲೂ ಹೊಟ್ಟೆ ಉರಿಯುತ್ತದೆ. ಚೌಕದ ಹೋಟೆಲೊಂದರಲ್ಲಿ ಮೀನು ತರಿಸಿದೆ. ಪಟ್ಟಿಯಲ್ಲಿದ್ದದ್ದು 100 ಗ್ರಾಮಿನ ಬೆಲೆ ಎಂದು ಬಿಲ್ ಬಂದ ಮೇಲೆ ಮಾಣಿ ವಿವರಿಸಿದ. ಮೀನನ್ನು ತೂಗಿ ಬೆಲೆ ಹೇಳಿದ ಮೇಲೆಯೇ ಹುರಿಯಲು ಹೇಳಿ. ಅದಕ್ಕಿಂತ 'ಬಾರ್ ಮ್ಲೆಚ್ನಿ' ಎಂಬ ಅಗ್ಗದ ಊಟದ ಮನೆಗಳು ಎಷ್ಟೋ ವಾಸಿ. ಆಲೂಗಡ್ಡೆ, ಗಿಣ್ಣು ತುಂಬಿದ ಪಿಯೆರೋಗಿ ನಮ್ಮ ಕಡುಬನ್ನು ಹೋಲುತ್ತದೆ. ಸಸ್ಯಾಹಾರಿಗಳು ಮಾತ್ರ ಮೇಲೆ ಹುರಿದ ಹಂದಿಕೊಬ್ಬು ಉದುರಿಸಬೇಡಿ ಎಂದು ಮೊದಲೇ ಹೇಳಬೇಕು.