ಜಿಗಿದ ಒಂದು ಹಲ್ಲು

ದೇವರಾಯನದುರ್ಗದ ತಿರುವುಗಳನ್ನು ಸೆಕೆಂಡ್ ಗೇರಿನಲ್ಲೇ ಹತ್ತುತ್ತಿದ್ದ ಕಾರು ಫಸ್ಟಿಗೆ ಇಳಿಸಿದರೂ ಏದುಸಿರು ಬಿಡತೊಡಗಿದರೆ, ತುಮಕೂರಿನಲ್ಲಿ ಪುಕ್ಕಟೆ ಸಲಹೆಗೆ ಬರವಿಲ್ಲ. ಪ್ಲಗ್ ಬದಲಿಸಿ, ಪೆಟ್ರೋಲ್ ಫಿಲ್ಟರ್ ಬದಲಿಸಿ, ಕ್ಲಚ್ ಹೋಗಿರಬೇಕು ನೋಡಿ. ಭಾನುವಾರ ಬೆಳಿಗ್ಗೆ ಬಟವಾಡಿಯ ಮನೆಯಂಗಳದಲ್ಲಿ ನಿಂತಿದ್ದ ಸ್ಯಾಂಟ್ರೊ ಝಿಂಗ್‌ಗೆ ಪ್ಲಗ್ಗೂ ಫಿಲ್ಟರೂ ಆಗಲೇ ಹೊಸದು ಬಿದ್ದಿದ್ದವು. ಸೆಲ್ಫ್ ಹೊಡೆದರೆ ಮೂರನೇ ಸಲಕ್ಕೆ ಸ್ಟಾರ್ಟ್. ಐಡ್ಲಿಂಗ್‌ನಲ್ಲಿ ನಡುಕವಿಲ್ಲ, ಮಿಸ್ಸಿಂಗ್ ಇಲ್ಲ. ಎಳೆತ ಮಾತ್ರ ಇಲ್ಲವೇ ಇಲ್ಲ.

ಮಿಸ್ಸಿಂಗ್ ಇಲ್ಲದೆ ಎಳೆತ ಸತ್ತಿದ್ದರೆ, ಒಂದು ಸಿಲಿಂಡರಿನ ಕಾಯಿಲೆಯಲ್ಲ ಅದು, ನಾಲ್ಕಕ್ಕೂ ಒಟ್ಟಿಗೆ ತಟ್ಟಿರುವ ಏನೋ ಒಂದು. ಪಿಸ್ಟನ್ನುಗಳಿಗೆ ಜೋಡಿಸಿದ ಕ್ರ್ಯಾಂಕ್ ಶಾಫ್ಟನ್ನೂ ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟನ್ನೂ ತಾಳ ತಪ್ಪದಂತೆ ತಿರುಗಿಸುವ ಹಲ್ಲುಳ್ಳ ಪಟ್ಟಿ ಟೈಮಿಂಗ್ ಬೆಲ್ಟ್. ಅದರ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ. ಬಾನೆಟ್ಟಿನ ಒಳಬದಿಯಲ್ಲಿ ಹಿಂದಿನ ಗ್ಯಾರೇಜಿನವರು ಅಂಟಿಸಿದ್ದ ಚೀಟಿಯಲ್ಲಿ ‘ಟಿ. ಬೆಲ್ಟ್ – 61,000’ ಎಂದಿತ್ತು. ಮೀಟರಿನಲ್ಲಿದ್ದದ್ದು 78,000. ಹದಿನೇಳು ಸಾವಿರ ಓಡಿದ ಬೆಲ್ಟನ್ನು ಯಾರು ತಾನೇ ಶಂಕಿಸುತ್ತಾರೆ?

ಮೊದಲ ಕೆಲಸ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಅದುಮಿದ ಗಾಳಿಯ ಒತ್ತಡ ಅಳೆಯುವುದು. ಎಂಜಿನ್ ಸ್ವಲ್ಪ ಬಿಸಿಯಾಗಿರಬೇಕು, ನಾಲ್ಕೂ ಪ್ಲಗ್ ಹೊರಗಿರಬೇಕು, ಫ್ಯೂಯೆಲ್ ಪಂಪಿನ ಫ್ಯೂಸು ಕಿತ್ತಿರಬೇಕು, ಕಾಯಿಲ್ ಕನೆಕ್ಟರ್ ಬಿಚ್ಚಿರಬೇಕು. ಒಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಒತ್ತದಿದ್ದರೆ ಗಾಳಿಯೇ ಒಳಗೆ ಹೋಗದೆ ಆರೋಗ್ಯವಂತ ಎಂಜಿನ್ನೂ ರೋಗಿಯಂತೆ ಕಾಣುತ್ತದೆ. ಬಂದ ಲೆಕ್ಕ: 118, 120, 115, 120 ಪಿಎಸ್‌ಐ. ಇಂಥ ಎಂಜಿನ್ ಈ ಊರಲ್ಲಿ ಕನಿಷ್ಠ 160 ತೋರಿಸಬೇಕು. ಪಿಸ್ಟನ್ನಿನ ಸುತ್ತ ಗಾಳಿ ಸೋರದಂತೆ ತಡೆಯುವ ರಿಂಗು ಸವೆದಿದ್ದರೆ ನಾಲ್ಕೂ ಹೀಗೆ ಅಣ್ಣತಮ್ಮಂದಿರಂತೆ ಇರುವುದು ಅಪರೂಪ. ಖಾತ್ರಿಗೆ ಒಂದೊಂದು ಚಮಚ ಎಂಜಿನ್ ಆಯಿಲ್ ಪ್ಲಗ್ ತೂತಿನಿಂದ ಬಿಟ್ಟು ಮತ್ತೆ ಅಳೆದಾಗಲೂ ಮುಳ್ಳು ಏರಲಿಲ್ಲ. ಸವೆದಿದ್ದರೆ ಆ ಎಣ್ಣೆ ಸಂದು ಮುಚ್ಚಿ ಮುಳ್ಳು ಏರುತ್ತಿತ್ತು. ಅಂದರೆ ರಿಂಗು ಚೆನ್ನಾಗಿವೆ.

ಪ್ಲಗ್ಗು, ಫ್ಯೂಸು ಮರಳಿ ಹಾಕಿ, ಎರಡನೇ ಸಾಕ್ಷಿಗೆ, ಎಂಜಿನ್ ಗಾಳಿ ಹೀರುವ ಸೆಳೆತ ಅಳೆಯುವ ವ್ಯಾಕ್ಯೂಮ್ ಗೇಜನ್ನು ಗಾಳಿ ಒಳಹೋಗುವ ಕೊಳವೆಗೆ (ಇನ್‌ಟೇಕ್ ಮ್ಯಾನಿಫೋಲ್ಡ್) ಸಿಕ್ಕಿಸಿದ್ದಾಯಿತು. ಪುಸ್ತಕಗಳಲ್ಲಿ ಐಡ್ಲಿಂಗ್‌ಗೆ ಪಾದರಸದ ಲೆಕ್ಕದಲ್ಲಿ 17ರಿಂದ 21 ಇಂಚು ಎಂದಿರುತ್ತದೆ. ಅದು ಸಮುದ್ರಮಟ್ಟದ ಮಾತು. ಎತ್ತರ ಸಾವಿರ ಅಡಿ ಏರಿದರೆ ಸುಮಾರು ಒಂದು ಇಂಚು ಕಳೆಯಬೇಕು. ತುಮಕೂರು 2,700 ಅಡಿಯ ಆಸುಪಾಸಿನಲ್ಲಿದೆ, ಹಾಗಾಗಿ ಇಲ್ಲಿ 15ರಿಂದ 18 ಬಂದರೆ ಸರಿ. ಇದನ್ನು ಮರೆತು ಚೆನ್ನಾಗಿರುವ ಎಂಜಿನ್ ಬಿಚ್ಚಿದವರಿದ್ದಾರೆ. ಈ ಕಾರಿನಲ್ಲಿ ಮುಳ್ಳು ಅಲುಗಾಡದೆ 11ರ ಹತ್ತಿರ ನಿಂತಿತ್ತು. ವಾಲ್ವ್ ಸುಟ್ಟಿದ್ದರೆ ಅದು ತಾಳ ಹಾಕಿದಂತೆ ಕುಣಿಯುತ್ತಿತ್ತು. ನಾಲ್ಕರಲ್ಲೂ ಕಂಪ್ರೆಷನ್ ಇಳಿದು, ಮುಳ್ಳೂ ಕದಲದೆ ಕೆಳಗೆ ನಿಂತರೆ ವಾಲ್ವುಗಳು ತಡವಾಗಿ ತೆರೆಯುತ್ತಿರಬೇಕು, ಅಂದರೆ ಬೆಲ್ಟು ಹಲ್ಲು ಜಿಗಿದಿರಬೇಕು. ಇಷ್ಟು ತಿಳಿದ ಮೇಲೆ ಮತ್ತೆ ಸ್ಟಾರ್ಟ್ ಮಾಡುವ ಮಾತಿಲ್ಲ. ಇನ್ನೊಂದೆರಡು ಹಲ್ಲು ಜಿಗಿದರೆ ಪಿಸ್ಟನ್ನು ವಾಲ್ವಿಗೆ ಬಡಿಯುತ್ತದೆ, ಹೆಡ್ ಇಳಿಸಬೇಕಾಗುತ್ತದೆ.

ಮೇಲಿನ ಕವರ್ ತೆಗೆದರೆ ಒಳಗೆಲ್ಲ ಎಣ್ಣೆ ಮೆತ್ತಿದ ಕಪ್ಪು ಪುಡಿ. ಬೆಲ್ಟನ್ನು ಬೆರಳಲ್ಲಿ ಹಿಂಡಿದರೆ ರಬ್ಬರು ಊದಿ ಮೆತ್ತಗಾಗಿತ್ತು, ಹಲ್ಲಿನ ಮೇಲಿನ ಬಟ್ಟೆಯ ಪದರ ಎರಡು ಕಡೆ ಸುಲಿದು ಬಂದಿತ್ತು. ಎಣ್ಣೆ ಎಲ್ಲಿಂದ? ವಾಲ್ವ್ ಕವರಿನ ಗ್ಯಾಸ್ಕೆಟ್ ಅಂಚಿನಲ್ಲಿ ಎಣ್ಣೆಯ ಪಸೆಯಿರಲಿಲ್ಲ, ಸೋರಿಕೆ ಅಲ್ಲಿಂದಲ್ಲ. ಕ್ಯಾಮ್ ಗಾಲಿಯ ಹಿಂದಿನಿಂದ ಕೆಳಕ್ಕೆ ಒಂದು ಒದ್ದೆ ಗೆರೆ ಇಳಿದಿತ್ತು. ಸೋರುತ್ತಿದ್ದದ್ದು ಕ್ಯಾಮ್ ಆಯಿಲ್ ಸೀಲು, ಶಾಫ್ಟಿನ ಸುತ್ತ ಎಣ್ಣೆ ತಡೆಯುವ ರಬ್ಬರ್ ಉಂಗುರ. 61,000ದಲ್ಲಿ ಬೆಲ್ಟು ಮಾತ್ರ ಬದಲಾಗಿ, ವಯಸ್ಸಾಗಿ ಗಟ್ಟಿಯಾಗಿದ್ದ ಸೀಲು ಹಾಗೇ ಉಳಿದಿತ್ತು. ಸೀಲಿನ ಬೆಲೆ ಬೆಲ್ಟಿಗಿಂತ ಕಡಿಮೆಯೇ. ಅದನ್ನು ಬಿಟ್ಟು ಹೊಸ ಬೆಲ್ಟು ಹಾಕುವುದೆಂದರೆ ಸೋರುವ ಮಾಡಿನ ಕೆಳಗೆ ಹೊಸ ಚಾಪೆ ಹಾಸಿದಂತೆ. ಆದ್ದರಿಂದ ಬಿ.ಎಚ್. ರಸ್ತೆಯ ಅಂಗಡಿಯಿಂದ ಬೆಲ್ಟಿನ ಜೊತೆಗೆ ಅದನ್ನು ಬಿಗಿಯಾಗಿ ಒತ್ತಿ ಹಿಡಿಯುವ ಟೆನ್ಷನರ್, ಕ್ಯಾಮ್ ಸೀಲು, ಕ್ರ್ಯಾಂಕ್ ಸೀಲು ಮೂರೂ ಬಂದವು.

ಟೈಮಿಂಗ್ ಕಡೆಯ ಮುಂದಿನ ಚಕ್ರ ಕಳಚಿ ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಹಾಲೋ ಬ್ಲಾಕಿನ ಮೇಲೆ ಖಂಡಿತ ಬೇಡ, ಹೇಳದೆ ಕೇಳದೆ ಪುಡಿಯಾಗುತ್ತದೆ. ಎಂಜಿನ್ನಿನ ಅಡಿಯ ಎಣ್ಣೆ ತೊಟ್ಟಿಯ (ಸಂಪ್) ಕೆಳಗೆ ಮರದ ಹಲಗೆ ಇಟ್ಟು ಜ್ಯಾಕಿನಿಂದ ಎಂಜಿನ್ನಿಗೆ ಆಸರೆ ಕೊಟ್ಟ ಮೇಲೆಯೇ ಆ ಕಡೆಯ ಮೌಂಟಿಂಗ್ ಬಿಚ್ಚಬೇಕು. ಕವರಿನ ಬೋಲ್ಟುಗಳು ಒಂದೇ ತಲೆಯವಾದರೂ ಉದ್ದ ಬೇರೆಬೇರೆ. ತೆಂಗಿನ ಸೀಮೆಯಲ್ಲಿ ಚಿಪ್ಪಿಗೇನು ಬರ, ಒಂದೊಂದು ಜಾಗದ ಬೋಲ್ಟಿಗೆ ಒಂದೊಂದು ಚಿಪ್ಪು. ಕ್ರ್ಯಾಂಕ್ ಪುಲ್ಲಿಯ ಬೋಲ್ಟು ಬೆಳಗಿನ ಅರ್ಧ ಗಂಟೆ ತಿಂದಿತು. ಐದನೇ ಗೇರಿಗೆ ಹಾಕಿ, ಒಬ್ಬರು ಬ್ರೇಕ್ ಮೇಲೆ ನಿಂತು, ಮೂರಡಿ ಪೈಪು ಸಿಕ್ಕಿಸಿ ಎಳೆದಾಗ ಟಕ್ಕೆಂದು ಬಿಟ್ಟಿತು. ಪಾನವನ್ನು (ಸ್ಪ್ಯಾನರನ್ನು) ನೆಲಕ್ಕೆ ಆನಿಸಿ ಸೆಲ್ಫ್ ಹೊಡೆದು ಸಡಿಲಿಸುವ ಉಪಾಯ ಕೆಲವರದು. ಜಾರಿದರೆ ಪಾನ ಎಲ್ಲಿಗೆ ಹಾರುತ್ತದೋ ಹೇಳಲಾಗದು.

ಪುಲ್ಲಿಯ ಬೋಲ್ಟನ್ನಷ್ಟೇ ಮರಳಿ ಹಾಕಿಕೊಂಡು ತಿರುಗಿಸಿ ಕ್ಯಾಮ್ ಗಾಲಿಯ ಗುರುತನ್ನು ಹೆಡ್ಡಿನ ಗುರುತಿಗೆ ತಂದರೆ, ಕೆಳಗೆ ಕ್ರ್ಯಾಂಕ್ ಗಾಲಿಯ ಗುರುತು ಆಯಿಲ್ ಪಂಪಿನ ಗುರುತನ್ನು ದಾಟಿ ಸರಿಯಾಗಿ ಒಂದು ಹಲ್ಲು ಮುಂದಿತ್ತು. ಕ್ರ್ಯಾಂಕ್ ಗಾಲಿಯಲ್ಲಿ ಒಂದು ಹಲ್ಲೆಂದರೆ ಹದಿನೈದು–ಹದಿನೆಂಟು ಡಿಗ್ರಿ. ಅಷ್ಟು ತಡವಾಗಿ ಇನ್‌ಟೇಕ್ ವಾಲ್ವ್ ಮುಚ್ಚಿದರೆ ಒಳಗೆ ಬಂದ ಗಾಳಿ ಸ್ವಲ್ಪ ವಾಪಸ್ಸು ಹೊರಟುಬಿಡುತ್ತದೆ. ದುರ್ಗದ ಏರಿನಲ್ಲಿ ಎಳೆತ ಸತ್ತದ್ದು ಇದರಿಂದಲೇ.

ಬೆಲ್ಟು ಕಳಚಿದ ಮೇಲೆ ಕ್ರ್ಯಾಂಕನ್ನು ತೊಂಬತ್ತು ಡಿಗ್ರಿ ಹಿಂದಕ್ಕೆ ತಿರುಗಿಸಿಟ್ಟರೆ ನಾಲ್ಕು ಪಿಸ್ಟನ್ನೂ ನಡುವಿನಲ್ಲಿರುತ್ತವೆ, ಕ್ಯಾಮ್ ಅಲುಗಿದರೂ ಏನೂ ಬಡಿಯುವುದಿಲ್ಲ. ಹಳೇ ಬೆಲ್ಟನ್ನೇ ಕ್ಯಾಮ್ ಗಾಲಿಗೆ ಸುತ್ತಿ ಬಿಗಿಯಾಗಿ ಹಿಡಿದು ಬೋಲ್ಟ್ ಬಿಚ್ಚಿದ್ದಾಯಿತು. ಸೀಲನ್ನು ಸ್ಕ್ರೂಡ್ರೈವರಿನಿಂದ ಮೀಟಿದರೆ ಶಾಫ್ಟಿಗೆ ಗೀರು ಬಿದ್ದು ಹೊಸ ಸೀಲೂ ಸೋರುತ್ತದೆ. ಸೀಲಿನ ಮೈಗೆ ಸಣ್ಣ ಸ್ಕ್ರೂ ಚುಚ್ಚಿ, ಅದನ್ನು ಇಕ್ಕಳದಲ್ಲಿ ಹಿಡಿದು ನೇರ ಎಳೆಯಬೇಕು. ಹಳೇ ಸೀಲಿನ ತುಟಿ ಪ್ಲಾಸ್ಟಿಕ್ಕಿನಂತೆ ಪಟಪಟ ಮುರಿಯಿತು. ಹೊಸದರ ತುಟಿಗೆ ಎಂಜಿನ್ ಆಯಿಲ್ ಸವರಿ, ಅದರ ಹೊರಸುತ್ತಿನ ಅಳತೆಗೆ ಸರಿಹೊಂದುವ ಬಾಕ್ಸ್ ಸಾಕೆಟ್ಟಿಟ್ಟು ಹಗುರಾಗಿ ಸುತ್ತಲೂ ಸಮನಾಗಿ ಬಡಿದು ಕೂರಿಸಬೇಕು. ಹಳೇ ತುಟಿ ಶಾಫ್ಟಿನ ಮೇಲೆ ಗೆರೆ ಕೊರೆದಿದ್ದರಿಂದ ಹೊಸದನ್ನು ಒಂದು ಮಿಲಿಮೀಟರ್ ಹೊರಗೇ ನಿಲ್ಲಿಸಿದ್ದಾಯಿತು. ಕ್ರ್ಯಾಂಕ್ ಸೀಲಿಗೂ ಇದೇ ಕ್ರಮ. ಅಲ್ಲಿ ಗಾಲಿಯ ಹಿಂದಿನ ತೆಳು ತಟ್ಟೆ ಯಾವ ಮುಖವಾಗಿತ್ತು ಎಂಬುದನ್ನು ಮೊಬೈಲಿನಲ್ಲಿ ಫೋಟೋ ಹಿಡಿದಿಡಿ. ಅದು ತಿರುಗುಮುರುಗಾದರೆ ಬೆಲ್ಟಿನ ಅಂಚು ಸವೆಯುತ್ತದೆ.

ಮೊದಲು ಕ್ಯಾಮ್ ಗುರುತಿಗೆ, ಆಮೇಲೆ ಕ್ರ್ಯಾಂಕ್ ಗುರುತಿಗೆ. ಬೆಲ್ಟನ್ನು ಕೆಳಗಿನ ಗಾಲಿಯಿಂದ ಶುರುಮಾಡಿ, ಟೆನ್ಷನರ್ ಇಲ್ಲದ ಕಡೆಯನ್ನು ಬಿಗಿಯಾಗಿ ಎಳೆದು ಮೇಲೆ ಕೂರಿಸಿ, ಕೊನೆಗೆ ಟೆನ್ಷನರಿಗೆ. ಟೆನ್ಷನರಿನ ಬೋಲ್ಟು ಸಡಿಲಿಸಿದರೆ ಸ್ಪ್ರಿಂಗು ತಾನೇ ಒತ್ತುತ್ತದೆ. ಉದ್ದ ತೂತಿನ ಬೋಲ್ಟು ಮೊದಲು ಬಿಗಿ, ತಿರುಗುವ ಕಡೆಯದು ಆಮೇಲೆ. ತಲೆಕೆಳಗಾದರೆ ಬಿಗಿಯುವ ಭರದಲ್ಲಿ ಬ್ರಾಕೆಟ್ಟೇ ತಿರುಗಿ ಬೆಲ್ಟಿನ ಹದ ಕೆಡುತ್ತದೆ.

ಮೊದಲ ಸಲ ತಪ್ಪಿತು. ಗುರುತುಗಳೆಲ್ಲ ಸರಿಯಾಗಿಯೇ ಕೂತಿದ್ದವು. ಕೈಯಲ್ಲಿ ಎರಡು ಪೂರ್ತಿ ಸುತ್ತು ಹಾಕಿ ನೋಡಿದರೆ ಕ್ಯಾಮ್ ಅರ್ಧ ಹಲ್ಲಿನಷ್ಟು ಹಿಂದುಳಿದಿತ್ತು. ಬಿಗಿ ಇರಬೇಕಾದ ಕಡೆಯಲ್ಲಿ ಸಡಿಲ ಉಳಿದು, ತಿರುಗುವಾಗ ಅದು ಎಳೆದುಕೊಂಡಿತ್ತು. ಬೆಲ್ಟು ತೆಗೆದು ಮತ್ತೆ ಹಾಕಿ ಇನ್ನೆರಡು ಸುತ್ತು. ಒಂದೇ ಸುತ್ತು ಸಾಲದು, ಕ್ರ್ಯಾಂಕ್ ಎರಡು ಸುತ್ತಿದಾಗ ಕ್ಯಾಮ್ ತಿರುಗುವುದು ಒಂದು. ಈ ಸಲ ಎರಡೂ ಗುರುತು ಕೂದಲೆಳೆ ತಪ್ಪದೆ ನಿಂತವು. ಬೆಲ್ಟಿನ ಉದ್ದದ ಭಾಗವನ್ನು ಎರಡು ಬೆರಳಲ್ಲಿ ತಿರುಚಿದರೆ ಕಾಲು ಸುತ್ತಿನಷ್ಟೇ ತಿರುಗಿತು, ಹದ ಸರಿಯಿತ್ತು. ಪುಲ್ಲಿ ಬೋಲ್ಟಿಗೆ ಟಾರ್ಕ್ ರೆಂಚೇ ಬೇಕು. ಸಡಿಲವಾದರೆ ಗಾಲಿಯನ್ನು ಶಾಫ್ಟಿಗೆ ಕಚ್ಚಿಸುವ ಕೀ ಕೂರುವ ತೋಡು ಸವೆದು ಇಡೀ ಕೆಲಸ ನೀರುಪಾಲು.

ಸಂಜೆ ಐದಕ್ಕೆ ಅಳೆದಾಗ 165, 165, 160, 165. ವ್ಯಾಕ್ಯೂಮ್ ಹದಿನೇಳು. ನೂರು ಕಿಲೋಮೀಟರ್ ಓಡಿದ ಮೇಲೆ ಮೇಲಿನ ಕವರ್ ತೆಗೆದು ಕ್ಯಾಮ್ ಗಾಲಿಯ ಹಿಂದೆ ಬೆರಳಾಡಿಸಿದರೆ ಒಣ. ಬಾನೆಟ್ಟಿನ ಒಳಗೆ ಹಳೇ ಚೀಟಿಯ ಪಕ್ಕದಲ್ಲಿ ಈಗ ಹೊಸದೊಂದಿದೆ: ‘78,000 – ಬೆಲ್ಟು, ಟೆನ್ಷನರ್, ಕ್ಯಾಮ್ ಸೀಲು, ಕ್ರ್ಯಾಂಕ್ ಸೀಲು. ವಾಲ್ವ್ ಕವರ್ ಗ್ಯಾಸ್ಕೆಟ್ ಹಳೇದೇ.’